ಅಡ್ರಿನಲಿನ್ ಮತ್ತು ಹೃದಯ: ಒಂದು ಅರಿವಿನ ಚರಿತ್ರೆ

ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳ ಸಾರವು ರಕ್ತದೊತ್ತಡವನ್ನು ಥಟ್ಟನೆ ಏರಿಸುತ್ತದೆಂಬುದನ್ನು ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಶೇಫರ್ 1890ರ ದಶಕದಲ್ಲಿ ಲಂಡನ್ನಿನಲ್ಲಿ ತೋರಿಸಿಕೊಟ್ಟ ಬಳಿಕ, ಜೋಕಿಚಿ ತಕಾಮಿನೆಯವರ ಪ್ರಯೋಗಾಲಯವು 1900ರಲ್ಲಿ ಅದರಿಂದ ಅಡ್ರಿನಲಿನ್ ಹಾರ್ಮೋನನ್ನು, ಅಂದರೆ ರಕ್ತದಲ್ಲಿ ಹರಿದು ದೂರದ ಅಂಗಗಳನ್ನು ಪ್ರಚೋದಿಸುವ ರಾಸಾಯನಿಕವನ್ನು, ಹರಳಾಗಿ ಬೇರ್ಪಡಿಸಿತು. ಅದನ್ನು ಕೈಯಾರೆ ಸಾಧಿಸಿದ ಸಹಾಯಕ ಕೈಜೋ ಉಎನಾಕರಿಗೆ ಇನ್ನೂ ಹೆಚ್ಚಿನ ಕೀರ್ತಿ ಸಲ್ಲಬೇಕಿತ್ತು. ಭಯ, ಕೋಪಗಳಲ್ಲಿ ಈ ಸ್ರಾವ ಹೆಚ್ಚುವುದನ್ನು ವಾಲ್ಟರ್ ಕ್ಯಾನನ್ ವಿವರಿಸಿದರು.

ಜೀವಕೋಶಗಳ ಮೇಲೆ ಈ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆಗಳಿವೆಯೆಂದು ರೇಮಂಡ್ ಆಲ್ಕ್ವಿಸ್ಟ್ 1948ರಲ್ಲಿ ಪ್ರತಿಪಾದಿಸಿದ್ದನ್ನು ಆಧರಿಸಿ, ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಬೀಟಾ ಗ್ರಾಹಕಗಳನ್ನು ತಡೆಯುವ ಪ್ರೊಪ್ರನೊಲಾಲ್ ಔಷಧವನ್ನು ರೂಪಿಸಿದರು. ದುರ್ಬಲ ಹೃದಯಕ್ಕೆ ಇಂಥ ಔಷಧ ಅಪಾಯಕರವೆಂದೇ ವೈದ್ಯರು ಬಹುಕಾಲ ನಂಬಿದ್ದರು. ಆದರೆ ಇಂಥ ಹಾರ್ಮೋನುಗಳ ನಿರಂತರ ಪ್ರಚೋದನೆಯೇ ಹೃದಯಸ್ನಾಯುವನ್ನು ಸವೆಸುತ್ತದೆಂಬುದು ಮುಂದೆ ಸ್ಪಷ್ಟವಾಯಿತು, ವಯಸ್ಸಾದಂತೆ ಬೀಟಾ ಗ್ರಾಹಕಗಳ ಸ್ಪಂದನೆ ಕುಗ್ಗುವುದೂ ತಿಳಿದುಬಂದಿತು.