ಹಳೇ ಕೊಳವೆ, ಹೊಸ ಉಸಿರು | ಸದ್ದಿನ ಚರಿತ್ರೆ, ಭಾಗ 4

ಹಳೇದನ್ನ ಕೆಡವದೆ ಹೊಸದು ಕಟ್ಟೋಕಾಗುತ್ತಾ? ಪ್ಯಾರಿಸ್‌ನ ಸೇಂಟ್ ಸುಲ್ಪಿಸ್ ಚರ್ಚ್‌ನ ಪೈಪ್ ಆರ್ಗನ್ ಇದಕ್ಕೆ ಉತ್ತರ 👇

1️⃣ 1781ರಲ್ಲಿ ಅಲ್ಲಿ ಆರ್ಗನ್ ಕಟ್ಟಿದವನು ಕ್ಲಿಕೋ. ಎಂಟು ವರ್ಷಕ್ಕೆ ಫ್ರೆಂಚ್ ಕ್ರಾಂತಿ ಶುರುವಾಯ್ತು. ಎಷ್ಟೋ ಚರ್ಚ್‌ಗಳ ಕೊಳವೆಗಳು ಲೋಹಕ್ಕಾಗಿ ಕರಗಿಹೋದವು. ಇದು ಉಳೀತು.

2️⃣ 19ನೇ ಶತಮಾನದಲ್ಲಿ ಜನರ ಕಿವಿ ಬದಲಾಗಿತ್ತು. ಎಲ್ಲರಿಗೂ ಆರ್ಕೆಸ್ಟ್ರಾದ ಹುಚ್ಚು. ಹಳೇ ಆರ್ಗನ್‌ನಲ್ಲಿ ಒಂದೊಂದು ಕೊಳವೆ ಸಾಲಿಗೂ ಅದರದ್ದೇ ಬಣ್ಣ ಇತ್ತು, ಆದ್ರೆ ದನಿ ಮೆಲ್ಲಗೆ ಏರಿ ಇಳಿಯೋದು ಕಷ್ಟ.

3️⃣ ಆಗ ಬಂದವರು ಅರಿಸ್ಟೀಡ್ ಕವಾಯೆ-ಕೋಲ್. ಇವರ ಕೆಲವು ಉಪಾಯ ನೋಡಿ:
🔸 ಮಾಮೂಲಿಗಿಂತ ಎರಡರಷ್ಟು ಉದ್ದದ ಕೊಳವೆ, ನಡುವೆ ಸಣ್ಣ ತೂತು. ಕೊಳಲನ್ನ ಜೋರಾಗಿ ಊದಿದ್ರೆ ಮೇಲಿನ ಸ್ಥಾಯಿಗೆ ಹಾರುತ್ತಲ್ಲ, ಹಾಗೇ. ದನಿ ದುಂಡಗೆ, ತುಂಬಿಕೊಂಡು ಬರುತ್ತೆ.
🔸 ಒಂದು ಸಾಲಿನ ಶ್ರುತಿ ಬೇಕಂತಲೇ ಕೂದಲೆಳೆಯಷ್ಟು ತಪ್ಪಿಸೋದು. ಇನ್ನೊಂದು ಸಾಲಿನ ಜೊತೆ ನುಡಿಸಿದಾಗ ಸ್ವರ ಅಲೆಅಲೆಯಾಗಿ ನಡುಗುತ್ತೆ.
🔸 ಒಂದಿಷ್ಟು ಕೊಳವೆ ದೊಡ್ಡ ಮರದ ಪೆಟ್ಟಿಗೆಯೊಳಗೆ. ಕಾಲಲ್ಲಿ ಒತ್ತಿದ್ರೆ ಅದರ ಹಲಗೆಗಳು ತೆರೆದು ಸದ್ದು ಏರುತ್ತೆ.
🔸 ಮೇಲಿನ ಸ್ವರಗಳು ಸೊರಗಬಾರದು ಅಂತ ಅವಕ್ಕೆ ಗಾಳಿಯ ಒತ್ತಡ ಜಾಸ್ತಿ.

4️⃣ ಇಲ್ಲೊಂದು ತೊಡಕು. ಗಾಳಿ ಜಾಸ್ತಿಯಾದಷ್ಟೂ ಕೀ ಒತ್ತೋದು ಕಷ್ಟ. ಪರಿಹಾರ ಕೊಟ್ಟವನು ಇಂಗ್ಲೆಂಡಿನ ಬಾರ್ಕರ್: ಬೆರಳು ಮುಟ್ಟಿದ್ರೆ ಸಾಕು, ಪುಟ್ಟ ತಿದಿಯೊಂದು ಉಬ್ಬಿ ಭಾರ ಎಳೆಯುತ್ತೆ. ಅವನ ಊರಿನವರು ಬೇಡ ಅಂದಿದ್ದನ್ನ ಕವಾಯೆ-ಕೋಲ್ 1841ರಲ್ಲಿ ಸೇಂಟ್ ಡೆನಿಸ್‌ನ ಆರ್ಗನ್‌ಗೆ ಹಾಕಿದರು.

5️⃣ 1862ರಲ್ಲಿ ಸೇಂಟ್ ಸುಲ್ಪಿಸ್ ಆರ್ಗನ್ ಹೊಸದಾಗಿ ಎದ್ದು ನಿಂತಿತು. ಕೈಗೆ 5 ಕೀಬೋರ್ಡ್, 100 ಸ್ಟಾಪ್. ವಿಷಯ ಇರೋದು ಇಲ್ಲಿ: ಕ್ಲಿಕೋನ ಎಷ್ಟೋ ಕೊಳವೆಗಳನ್ನ ಅವರು ಬಿಸಾಡಲಿಲ್ಲ. ಹೊಸ ಕೊಳವೆಗಳ ಪಕ್ಕದಲ್ಲೇ ಜಾಗ ಕೊಟ್ಟರು. 80 ವರ್ಷ ಹಳೇ ದನಿ, ಅದೇ ಮೇಳದಲ್ಲಿ!

6️⃣ 1870ರಲ್ಲಿ ತಾತ್ಕಾಲಿಕವಾಗಿ ನುಡಿಸೋಕೆ ಬಂದ ವಿಡೋರ್ 1933ರವರೆಗೂ ಅಲ್ಲೇ ಇದ್ದರು 😄 ಆ ದನಿಯನ್ನೇ ಮನಸ್ಸಲ್ಲಿಟ್ಟು ಆರ್ಗನ್ ಒಂದಕ್ಕೇ ಸಿಂಫನಿಗಳನ್ನ ಬರೆದರು.

ಬಿಕಾಂ ಓದ್ತಿರೋ ನನಗೆ ಕೊನೆ ಪುಟ ಕಾಡುತ್ತೆ. ಕವಾಯೆ-ಕೋಲ್‌ಗೆ ದುಡ್ಡಿನ ಲೆಕ್ಕ ಕೂಡಿ ಬರಲಿಲ್ಲ. 1898ರಲ್ಲಿ ಕಾರ್ಖಾನೆ ಶಿಷ್ಯನ ಪಾಲಾಯ್ತು, ಮರುವರ್ಷ ಅವರು ತೀರಿಕೊಂಡರು. ಹಳೇ ಸಾಮಾನಿಗೆ ನಾವು ವರ್ಷಾವರ್ಷ ಸವಕಳಿ ಬರೀತಾ ಸೊನ್ನೆಗೆ ತರ್ತೀವಿ. ಕ್ಲಿಕೋನ ಕೊಳವೆಗಳು ಮಾತ್ರ ಇವತ್ತಿಗೂ ಹಾಡ್ತಿವೆ.

ನಿಮ್ಮ ಮನೇಲಿ, ಊರಲ್ಲಿ ಹೀಗೆ ಹೊಸದರ ಜೊತೆ ಉಳಿದುಕೊಂಡಿರೋ ಹಳೇದು ಏನಿದೆ? ಕಾಮೆಂಟ್‌ನಲ್ಲಿ ಹೇಳಿ 🤎

#ಸದ್ದಿನಚರಿತ್ರೆ #ಪೈಪ್‌ಆರ್ಗನ್ #ಕನ್ನಡದಲ್ಲಿಇತಿಹಾಸ