ಹದ್ದು, ಗೂಡು ಮತ್ತು ಲಲ್ಲನ ಬಾಣ: ಚಲನೆಯ ಗ್ರಹಿಕೆಯಲ್ಲಿ ಆಧಾರ ಚೌಕಟ್ಟು

ಆರ್ಯಭಟ ತನ್ನ 'ಆರ್ಯಭಟೀಯ'ದ (ಕ್ರಿ.ಶ. 499) ಗೋಲಪಾದದಲ್ಲಿ ದೋಣಿಯೊಂದರ ದೃಷ್ಟಾಂತ ಕೊಡುತ್ತಾನೆ. ಮುಂದೆ ಸಾಗುವ ದೋಣಿಯವನಿಗೆ ದಡದ ಅಚಲ ವಸ್ತುಗಳು ಹಿಂದೆ ಸರಿದಂತೆ ಕಾಣುತ್ತವೆ. ತಿರುಗುವ ಭೂಮಿಯ ಮೇಲಿರುವವರಿಗೆ ಸ್ಥಿರ ನಕ್ಷತ್ರಗಳು ಪಡುವಣಕ್ಕೆ ಹೋಗುವಂತೆ ತೋರುವುದೂ ಹಾಗೆಯೇ. ಮರುಶ್ಲೋಕದಲ್ಲೇ ನಕ್ಷತ್ರಗೋಲವನ್ನು ಪ್ರವಹ ವಾಯು ತಿರುಗಿಸುತ್ತದೆ ಎಂದೂ ಇರುವುದರಿಂದ ವ್ಯಾಖ್ಯಾನಕಾರರಿಗೆ ಕೈತುಂಬ ಕೆಲಸ ಸಿಕ್ಕಿತು. ಆ ತಕರಾರು ಇಲ್ಲಿ ಬೇಡ.

ಭೂಭ್ರಮಣವನ್ನು ಒಪ್ಪದವರ ತರ್ಕ ಹೆಚ್ಚು ಕುತೂಹಲಕರ. ಭೂಮಿ ತಿರುಗುವುದಾದರೆ ಮೇಲೇರಿದ ಹದ್ದು ಗೂಡಿಗೆ ಮರಳುವುದು ಹೇಗೆ ಎಂದು ಖಗೋಳಜ್ಞ ವರಾಹಮಿಹಿರ ಕೇಳಿದ. ಮೇಲಕ್ಕೆಸೆದ ಬಾಣ ಪಡುವಣದಲ್ಲಿ ಬೀಳಬೇಕಲ್ಲವೇ ಎಂದ ಮತ್ತೊಬ್ಬ ಖಗೋಳಜ್ಞ ಲಲ್ಲ. ಇವನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ವರಾಹಮಿಹಿರನ ಉಜ್ಜಯಿನಿಯ ಅಕ್ಷಾಂಶದಲ್ಲಿ ನೆಲ ಗಂಟೆಗೆ ಸುಮಾರು 1,540 ಕಿ.ಮೀ. ವೇಗದಲ್ಲಿ ಮೂಡಣಕ್ಕೆ ಓಡುತ್ತದೆ. ಹದ್ದಿಗೆ ಆ ವೇಗದಲ್ಲಿ ಪಾಲಿಲ್ಲವೆಂದಾದರೆ, ಅದು ಹತ್ತು ನಿಮಿಷ ಹಾರಿ ಇಳಿಯುವಷ್ಟರಲ್ಲಿ ಗೂಡು 250 ಕಿ.ಮೀ.ಗೂ ಆಚೆ ಇರುತ್ತದೆ. ತರ್ಕ ಗಟ್ಟಿ, ಪಾಲಿಲ್ಲವೆಂಬ ಊಹೆ ಮಾತ್ರ ತಪ್ಪು.

ಆ ಊಹೆ ಇಂದಿಗೂ ಸತ್ತಿಲ್ಲ. ನಡೆಯುತ್ತಿರುವವನ ಕೈಯಿಂದ ಜಾರಿದ ಚೆಂಡು, ಕೈಬಿಟ್ಟ ಜಾಗದ ನೇರ ಕೆಳಗೇ ಬೀಳುತ್ತದೆಂದು ಹಲವರು ನಂಬುತ್ತಾರೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಮೈಕೇಲ್ ಮೆಕ್ಲಾಸ್ಕಿ ಮತ್ತು ಸಂಗಡಿಗರು 1983ರಲ್ಲಿ ತೋರಿಸಿದರು. ಅವರ ವಿವರಣೆ ಮಾರ್ಮಿಕವಾದುದು. ಕಣ್ಣು ಬೀಳುವ ಚೆಂಡನ್ನು ನಡೆಯುವವನ ಮೈಗೆ ಹೋಲಿಸಿ ಅಳೆಯುತ್ತದೆ. ಆ ಚೌಕಟ್ಟಿನಲ್ಲಿ ಚೆಂಡು ನೇರವಾಗಿಯೇ ಇಳಿಯುತ್ತದೆ. ಆ ಚಿತ್ರವನ್ನೇ ಮನಸ್ಸು ನೆಲದ ಚೌಕಟ್ಟಿಗೆ ಅಂಟಿಸಿಬಿಡುತ್ತದೆ. ಚೌಕಟ್ಟನ್ನು ಆರಿಸುವ ಈ ಕೆಲಸ ನಮಗೆ ಅರಿವಾಗುವ ಮೊದಲೇ ಮುಗಿದಿರುತ್ತದೆ. ಕಾರ್ಲ್ ಡುಂಕರ್ 1929ರಲ್ಲಿ ವಿವರಿಸಿದ ಪ್ರೇರಿತ ಚಲನೆಯಲ್ಲಿ, ಸುತ್ತಲಿನ ಚೌಕಟ್ಟು ಸರಿದರೆ ನಡುವಿನ ನಿಶ್ಚಲ ಚುಕ್ಕಿಯೇ ಸರಿದಂತೆ ಕಾಣುತ್ತದೆ. ಮೋಡಗಳ ನಡುವೆ ಓಡುವ ಚಂದ್ರನದೂ ಇದೇ ಕಥೆ.

ಆರ್ಯಭಟನ ದೃಷ್ಟಾಂತದ ಮಿತಿಯೂ ಇಲ್ಲಿಯೇ ಇದೆ ಎಂಬುದು ನನ್ನ ವಾದ. ಕಾಣುವ ಚಲನೆ ಎರಡು ಚೌಕಟ್ಟುಗಳಲ್ಲಿ ಅದಲುಬದಲಾಗಬಹುದೆಂದು ಆತ ತೋರಿಸಿದ. ಆದರೆ ದೋಣಿಯಲ್ಲಿದ್ದ ವಸ್ತು ಕೈಬಿಟ್ಟ ಮೇಲೂ ದೋಣಿಯ ವೇಗವನ್ನು ಉಳಿಸಿಕೊಳ್ಳುತ್ತದೆಯೇ ಎಂಬ ಪ್ರಶ್ನೆಯನ್ನು ಅವನ ದೋಣಿ ಮುಟ್ಟುವುದೇ ಇಲ್ಲ. ಹದ್ದಿಗೆ ಬೇಕಿದ್ದ ಉತ್ತರ ಅದು. ಗೆಲಿಲಿಯೋ 1632ರಲ್ಲಿ ಹಡಗಿನ ಕೋಣೆಯೊಳಗೆ ಚಿಟ್ಟೆಗಳನ್ನು ಹಾರಿಸಿ ವಾದಿಸಿದ್ದು, ವಸ್ತು ಆ ವೇಗವನ್ನು ಉಳಿಸಿಕೊಳ್ಳುತ್ತದೆ ಎಂದೇ. 1640ರಲ್ಲಿ ಫ್ರೆಂಚ್ ತತ್ವಜ್ಞಾನಿ ಗಸೆಂಡಿ ಮಾರ್ಸೇಯಲ್ಲಿ ಸಾಗುವ ಹಡಗಿನ ಸ್ತಂಭದ ತುದಿಯಿಂದ ಕಲ್ಲು ಬಿಟ್ಟ. ಅದು ಸ್ತಂಭದ ಬುಡದಲ್ಲೇ ಬಿತ್ತು.

ಲಲ್ಲ ದಿಕ್ಕನ್ನಂತೂ ಸರಿಯಾಗಿ ಹೇಳಿದ್ದ. ತಿರುಗುವ ಚೌಕಟ್ಟಿನ ಕೊರಿಯೊಲಿಸ್ ಪರಿಣಾಮದಿಂದ, ನೇರ ಮೇಲಕ್ಕೆಸೆದ ವಸ್ತು ತುಸು ಪಡುವಣಕ್ಕೇ ಬೀಳುತ್ತದೆ. ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಚಿಮ್ಮಿದ ಬಾಣಕ್ಕೆ, ಗಾಳಿಯ ಅಡ್ಡಿ ಲೆಕ್ಕಕ್ಕೆ ಹಿಡಿಯದಿದ್ದರೆ, ಉಜ್ಜಯಿನಿಯ ಅಕ್ಷಾಂಶದಲ್ಲಿ ಈ ಅಂತರ ಸುಮಾರು 12 ಸೆಂ.ಮೀ. ಅವನ ತರ್ಕದಂತೆ ಅದು 4 ಕಿ.ಮೀ.ಗೂ ಹೆಚ್ಚಿರಬೇಕಿತ್ತು.