ಬೇಗ ಬಂದವರಿಗೆ ಲಾಟರಿ

ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ ಇನ್ನೂ ಕಟ್ಟಿ ಮುಗಿದಿರಲಿಲ್ಲ. ಸಿಲ್ಕ್ ಬೋರ್ಡ್ ದಾಟಿ ಹೊಸೂರು ರಸ್ತೆಗೆ ಇಳಿದ ಕಂಪನಿ ಬಸ್ಸುಗಳು ಬೊಮ್ಮನಹಳ್ಳಿಯಲ್ಲಿ ತೆವಳುತ್ತಿದ್ದವು. ಅಂಥ ಹೊತ್ತಿನಲ್ಲಿ, 2008ರ ಅಕ್ಟೋಬರ್‌ನಲ್ಲಿ, ಇನ್ಫೋಸಿಸ್ ಕ್ಯಾಂಪಸ್ಸಿನಲ್ಲೊಂದು ಆಟ ಶುರುವಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಾಲಾಜಿ ಪ್ರಭಾಕರ್ ಮತ್ತು ಸಂಗಡಿಗರು ಅದಕ್ಕೆ ಇಟ್ಟ ಹೆಸರು ‘ಇನ್‌ಸ್ಟಂಟ್’.

ನಿಯಮ ಸರಳ. ಬೆಳಿಗ್ಗೆ ಎಂಟೂವರೆಯೊಳಗೆ ಆಫೀಸು ತಲುಪಿದವರಿಗೆ ಅಂಕ. ಎಂಟಕ್ಕೂ ಮುಂಚೆ ಬಂದರೆ ಇನ್ನಷ್ಟು. ಅಂಕ ಕೂಡಿದಷ್ಟೂ ಮೇಲಿನ ಹಂತ, ಮೇಲೇರಿದಷ್ಟೂ ದೊಡ್ಡ ಬಹುಮಾನದ ಆಸೆ. ವಾರಕ್ಕೊಮ್ಮೆ ಡ್ರಾ, 500 ರೂಪಾಯಿಯಿಂದ 12,000 ರೂಪಾಯಿವರೆಗೆ ನಗದು. ಅದೇ ಹಣವನ್ನು ಎಲ್ಲರಿಗೂ ಸಮನಾಗಿ ಹಂಚಿದ್ದರೆ ತಲೆಗೆ ಚಿಲ್ಲರೆ ಕಾಸು ಬರುತ್ತಿತ್ತು. ಅದಕ್ಕಾಗಿ ಯಾರೂ ಅಲಾರಂ ಬದಲಿಸುತ್ತಿರಲಿಲ್ಲ. (ಕರ್ನಾಟಕ ಸರ್ಕಾರ ಲಾಟರಿಯನ್ನು ನಿಷೇಧಿಸಿ ಆಗಿನ್ನೂ ಎರಡು ವರ್ಷವೂ ತುಂಬಿರಲಿಲ್ಲ ಎಂಬುದು ಬೇರೆ ಮಾತು!)

ಆರು ತಿಂಗಳಲ್ಲಿ ಸುಮಾರು 14,000 ನೌಕರರು ಇದರ ವ್ಯಾಪ್ತಿಗೆ ಬಂದರು. ದಟ್ಟಣೆಗೆ ಮುಂಚೆ ಬರುವವರ ಸಂಖ್ಯೆ ಇಮ್ಮಡಿಯಾಯಿತು. ಬಸ್ಸಿನಲ್ಲಿ ಬರುವವರ ಬೆಳಗಿನ ಪ್ರಯಾಣ ಸರಾಸರಿ 71 ನಿಮಿಷದಿಂದ 54ಕ್ಕೆ ಇಳಿಯಿತು. ಇದಕ್ಕಾಗಿ ರಸ್ತೆ ಒಂದಡಿಯೂ ಅಗಲವಾಗಲಿಲ್ಲ. ನಿಂತಲ್ಲೇ ಉರಿಯುತ್ತಿದ್ದ ಡೀಸೆಲ್ ಮಾತ್ರ ಉಳಿತಾಯವಾಯಿತು.

ಮೋಜಿನಿಂದ ನಡತೆ ತಿದ್ದುವ ಯೋಚನೆ ಆ ವರ್ಷಗಳಲ್ಲಿ ಜಗತ್ತಿನ ಬೇರೆಡೆಯೂ ಚಾಲ್ತಿಯಲ್ಲಿತ್ತು. 2009ರಲ್ಲಿ ಸ್ಟಾಕ್‌ಹೋಮ್‌ನ ಮೆಟ್ರೊ ನಿಲ್ದಾಣವೊಂದರ ಮೆಟ್ಟಿಲುಗಳು ಪಿಯಾನೊ ಆದವು. ಚೀನಾದಲ್ಲಿ 2016ರಲ್ಲಿ ಬಂದ ‘ಆಂಟ್ ಫಾರೆಸ್ಟ್’, ನಡೆದು ಹೋದವರ, ಬಸ್ಸು ಹತ್ತಿದವರ ಮೊಬೈಲಿನಲ್ಲಿ ಗಿಡ ಬೆಳೆಸಿ, ಆಮೇಲೆ ನಿಜವಾದ ಸಸಿ ನೆಡಿಸಿತು. ಬೆಂಗಳೂರಿನ ಪ್ರಯೋಗ 2012ರಲ್ಲಿ ಸಿಂಗಪುರದ ರೈಲುಗಳಿಗೂ ಹೋಯಿತು. ಅಲ್ಲಿ ಅಂಕಗಳನ್ನು ನೇರವಾಗಿ ಹಣಕ್ಕೆ ಬದಲಿಸಿಕೊಳ್ಳಬಹುದಿತ್ತು, ಇಲ್ಲವೇ ಆಟವಾಡಿ ಅದೃಷ್ಟ ನೋಡಬಹುದಿತ್ತು. ಹೆಚ್ಚಿನವರು ಆಟವನ್ನೇ ಆರಿಸಿಕೊಂಡರು.

ಇತ್ತ ಬೆಂಗಳೂರಿನಲ್ಲಿ ‘ಫೀಲ್ಡ್ಸ್ ಆಫ್ ವ್ಯೂ’ ಸಂಸ್ಥೆ ಒಣತ್ಯಾಜ್ಯ ಸಂಗ್ರಹಣಾ ಕೇಂದ್ರದ ನಿರ್ವಹಣೆಯನ್ನೇ ‘ರಬಿಶ್!’ ಎಂಬ ಆಟವಾಗಿಸಿತು. 2018ರ ‘ಸೈಕಲ್ ಟು ವರ್ಕ್’ ಅಭಿಯಾನ ಐಟಿ ಕಂಪನಿಗಳ ನಡುವೆ ಪೈಪೋಟಿ ಹಚ್ಚಿತು: ಯಾವ ಕಂಪನಿಯವರು ಹೆಚ್ಚು ಪೆಡಲ್ ತುಳಿದರು ಎಂದು ಅಂಕಪಟ್ಟಿ. ಪೈಪೋಟಿಯೇನೋ ಜೋರಾಗಿತ್ತು. ಆದರೆ 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಪ್ಲಾಸ್ಟಿಕ್ ಕಂಬ ನೆಟ್ಟು ಮಾಡಿದ ಸೈಕಲ್ ಪಥಕ್ಕೆ ಬೈಕುಗಳು ನುಗ್ಗಿದವು, ಕಂಬಗಳು ಮುರಿದವು. ಅಂಕಪಟ್ಟಿಯಿಂದ ದಾರಿ ಸಿಗುವುದಿಲ್ಲ.

ಕಾರ್ಖಾನೆಗಳ ಪೀಣ್ಯದ ಮಾತೇ ಬೇರೆ. ಲೇತ್ ಮುಂದೆ ನಿಂತು ಪಾಳಿ ಬದಲಿಸುವವನಿಗೆ ಬೇಗ ಬರುವ, ತಡವಾಗಿ ಬರುವ ಆಯ್ಕೆಯೇ ಇಲ್ಲ. ಈ ಆಟಗಳೆಲ್ಲ ಸಮಯ ತಮ್ಮ ಕೈಲಿರುವವರಿಗಾಗಿ ಹುಟ್ಟಿದವು. ಕಾರ್ಖಾನೆ ಗೇಟಿಗೆ ಹೊಂದುವಂಥದ್ದನ್ನು ಯೋಚಿಸಿದವರು ಕಡಿಮೆ.

2025ರ ಆಗಸ್ಟ್ 10ರಂದು ನಮ್ಮ ಮೆಟ್ರೊದ ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿ ಮುಟ್ಟಿತು. ಮೊದಮೊದಲು ಮೂರೇ ರೈಲು, 25 ನಿಮಿಷಕ್ಕೊಂದು. ಸಿಂಗಪುರದ ತಲೆನೋವು, ಅಂದರೆ ಜನರನ್ನು ಬೇರೆ ಬೇರೆ ಹೊತ್ತಿಗೆ ಹಂಚುವುದು, ಈಗ ಇಲ್ಲಿಗೂ ಬಂದಿದೆ. ಅದೇ ವರ್ಷದ ಫೆಬ್ರವರಿಯಲ್ಲಿ ದರ ಏರಿಸಿದಾಗ ನಮ್ಮ ಮೆಟ್ರೊ ಸ್ಮಾರ್ಟ್ ಕಾರ್ಡ್‌ನವರಿಗೆ ಬೆಳಿಗ್ಗೆ ಎಂಟರೊಳಗೆ ಹತ್ತಿದರೆ ಹೆಚ್ಚುವರಿ ಶೇ 5 ರಿಯಾಯಿತಿ ಘೋಷಿಸಿತ್ತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 60 ರೂಪಾಯಿ. ಆ ಲೆಕ್ಕದಲ್ಲಿ ಉಳಿಯುವುದು ಮೂರು ರೂಪಾಯಿ. ಈ ಮೂರು ಮೂರು ರೂಪಾಯಿಗಳನ್ನು ಒಂದೆಡೆ ಸೇರಿಸಿ ವಾರಕ್ಕೊಂದು ಡ್ರಾ ಎತ್ತುವ ಪ್ರಸ್ತಾಪಕ್ಕೆ ಇದೇ ಊರಿನ ಇನ್ಫೋಸಿಸ್ ಆಟದಲ್ಲಿ ಆಗಲೇ ಒಂದು ಪುರಾವೆ ಇದೆ.